ಸಕ್ರವ್ವನ ಗೋದಾವರಿ

ಓಝರ್ ಟೌನ್‌ಶಿಪ್, ನಾಶಿಕ್ ಜಿಲ್ಲೆ
11 ಫೆಬ್ರುವರಿ 2024

ಶ್ರೀಮತಿ ನೀಲಾಂಬಿಕಾ ಅವರಿಗೆ,

ಕಳೆದ ತಿಂಗಳು ಛತ್ರಪತಿ ಸಂಭಾಜಿನಗರದ ಕನ್ನಡ ಸಂಘದಲ್ಲಿ ಹಳೆಯ ಪಠ್ಯಪುಸ್ತಕಗಳ ಎರಡು ಪೆಟ್ಟಿಗೆ ನಿಮ್ಮ ಕೈಗೆ ಕೊಟ್ಟ ಲಿಂಗರಾಜು ನಾನು. ಊರು ತುರುವೇಕೆರೆ. ಇಲ್ಲಿಯ ವಿಮಾನ ಕಾರ್ಖಾನೆಯಲ್ಲಿ ಮೂವತ್ತಮೂರು ವರ್ಷದಿಂದ ಪರೀಕ್ಷಕ. ಬೇರೆಯವರು ಹೊಡೆದ ರಿವೆಟ್ ಸರಿಯಿದೆಯೇ ಎಂದು ನೋಡಿ ಸಹಿ ಹಾಕುವುದು ನನ್ನ ಕೆಲಸ. ಭಾನುವಾರ ಬೆಳಗ್ಗೆ ಕಾಲೊನಿಯ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಹನ್ನೊಂದು ಮಕ್ಕಳಿದ್ದಾರೆ.

ಒಂದು ಸಲಹೆ. ಈ ವರ್ಷ ನಮ್ಮಿಬ್ಬರ ತರಗತಿಗಳೂ ಗೋದಾವರಿಯನ್ನೇ ಪಾಠವಾಗಿ ತೆಗೆದುಕೊಳ್ಳಲಿ. ನಾವು ಮೇಲ್ದಂಡೆಯವರು, ನೀವು ಕೆಳಗಿನವರು. ಮಕ್ಕಳು ಪರಸ್ಪರ ಪತ್ರ ಬರೆಯಲಿ. ಫೋನು ಬೇಡ. ಫೋನಿನಲ್ಲಿ ನಮ್ಮ ಮಕ್ಕಳು ಎರಡನೇ ವಾಕ್ಯಕ್ಕೇ ಹಿಂದಿಗೆ ಜಾರುತ್ತಾರೆ. ಉಗಮ, ಉದ್ದ, ಉಪನದಿಗಳು, ಮೀನು, ಹಕ್ಕಿ, ದಡದ ಜನ ಎಂದು ಆರು ಭಾಗ ಮಾಡಿದ್ದೇನೆ. ನಾನೇ ಬರೆದ ನಕ್ಷೆ ಇದರ ಜೊತೆಗಿದೆ.

ಇತಿ ವಿಶ್ವಾಸದ,
ಲಿಂಗರಾಜು


ಬಿಡಕಿನ್
3 ಮಾರ್ಚ್ 2024

ಮಾನ್ಯ ಲಿಂಗರಾಜು ಸರ್ ಅವರಿಗೆ ನಮಸ್ಕಾರಗಳು.

ನಿಮ್ಮ ಸಲಹೆ ಬಹಳ ಸಂತೋಷ ತಂದಿತು. ನಮ್ಮ ಶಾಲೆ ಎಂದರೆ ಹೊಸ ಕಾರ್ಖಾನೆ ಕಟ್ಟುವ ಕೂಲಿಕಾರರ ಕ್ಯಾಂಪಿನಲ್ಲಿ ಒಂದು ತಗಡಿನ ಶೆಡ್ಡು. ಒಂದು ಸಂಸ್ಥೆಯವರು ನಡೆಸುತ್ತಾರೆ, ಕಲಿಸುವವಳು ನಾನೊಬ್ಬಳೇ. ಹತ್ತೊಂಬತ್ತು ಮಕ್ಕಳು, ಎಲ್ಲ ಸಿಂದಗಿ, ಮುದ್ದೇಬಿಹಾಳ ಕಡೆಯವರು. ಮಾತಿಗೆ ಕಡಿಮೆಯಿಲ್ಲ, ಅಕ್ಷರ ಈಗ ಕೂಡುತ್ತಿವೆ.

ನಿಮ್ಮ ನಕ್ಷೆ ಗೋಡೆಗೆ ಹಚ್ಚಿದ್ದೇವೆ. ಮಹಿಬೂಬ ಎಂಬ ಹುಡುಗ ಅದನ್ನು ನೋಡಿ, ನಿಮ್ಮ ಕಡೆ ಹೊಳೆ ಖರೇನೇ ನೀಲಿ ಇರುತ್ತದೆಯೇ ಎಂದು ಕೇಳಿದ್ದಾನೆ. ಆರು ಮಕ್ಕಳ ಪತ್ರ ಇಟ್ಟಿದ್ದೇನೆ. ಅವರು ಹುಟ್ಟಿದಾಗಿನಿಂದ ಬರೆದ ಮೊದಲ ಪತ್ರಗಳು ಇವು.

ನಿಮ್ಮ,
ನೀಲಾಂಬಿಕಾ


ಓಝರ್
17 ಮಾರ್ಚ್ 2024

ಶ್ರೀಮತಿ ನೀಲಾಂಬಿಕಾ ಅವರಿಗೆ,

ಆರೂ ಪತ್ರ ತಿದ್ದಿ ವಾಪಸು ಕಳಿಸಿದ್ದೇನೆ. ಒಟ್ಟು ಅರವತ್ತನಾಲ್ಕು ತಪ್ಪುಗಳು. ಕೆಂಪು ಶಾಯಿಯಲ್ಲಿ ಗುರುತಿಸಿದ್ದೇನೆ. ‘ಐತಿ’ ಎಂದು ಬರೆಯಬಾರದು, ‘ಇದೆ’ ಎಂದು ಬರೆಯಬೇಕು. ಮಕ್ಕಳು ಪ್ರತಿ ತಿದ್ದುಪಡಿಯನ್ನೂ ಐದೈದು ಸಲ ಬರೆದರೆ ಒಳ್ಳೆಯದು.

ಮಹಿಬೂಬನಿಗೆ ಉತ್ತರ: ನೀರಿಗೆ ಬಣ್ಣವಿಲ್ಲ, ಆಕಾಶದ ಪ್ರತಿಫಲನದಿಂದ ನೀಲಿ ಕಾಣುತ್ತದೆ.

ಲಿಂಗರಾಜು


ಬಿಡಕಿನ್
28 ಏಪ್ರಿಲ್ 2024

ಮಾನ್ಯ ಸರ್ ಅವರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು. ಪರೀಕ್ಷೆಯ ಗಡಿಬಿಡಿ, ಹಾಗಾಗಿ ಮಕ್ಕಳ ಪತ್ರ ಈ ಸಲ ಇಲ್ಲ. ಅವರ ಪರವಾಗಿ ನಾನೇ ಬರೆಯುತ್ತೇನೆ.

ಕಳೆದ ಭಾನುವಾರ ಕೂಲಿಕಾರರನ್ನು ಕರೆತರುವ ಮುಕಾದಮ್ ಗೊಲ್ಲಾಳಪ್ಪನವರ ಟೆಂಪೊ ಪೈಠಣದ ಸಂತೆಗೆ ಹೋಗುವುದಿತ್ತು. ಹನ್ನೆರಡು ಮಕ್ಕಳನ್ನು ಅದರಲ್ಲಿ ಕೂರಿಸಿಕೊಂಡು ಅಲ್ಲಿಯ ಗೋದಾವರಿ ಜಲಾಶಯದ ಹಿನ್ನೀರಿಗೆ ಹೋದೆವು. ಬೇಸಿಗೆಗೆ ನೀರು ಇಳಿದು ನಡುಗಡ್ಡೆಗಳು ಎದ್ದಿವೆ. ಒಂದಕ್ಕೆ ನಡೆದೇ ಹೋಗಬಹುದು, ನೀರು ಹಿಮ್ಮಡಿ ಮುಳುಗುವಷ್ಟು ಮಾತ್ರ. ಹೊರಡುವಾಗಲೇ ಪ್ರತಿಯೊಬ್ಬರಿಗೂ ಸಿಮೆಂಟ್ ಹೊರುವ ಕಬ್ಬಿಣದ ಬುಟ್ಟಿ ತರಲು ಹೇಳಲಾಗಿತ್ತು. ಯಾಕೆಂದು ಅಲ್ಲಿ ಹೋದ ಮೇಲೆ ತಿಳಿಯಿತು. ರೀವ ಎಂಬ ಹಕ್ಕಿಗಳು, ಕರಿ ಟೋಪಿ, ಹಳದಿ ಕೊಕ್ಕು, ಕೆಂಪು ಕಾಲು, ಕವಲು ಬಾಲ, ಕಿರುಚುತ್ತ ನೇರವಾಗಿ ತಲೆಯ ಮೇಲೆ ಎರಗುತ್ತವೆ. ಬುಟ್ಟಿಗಳ ಮೇಲೆ ಟಣ್ ಟಣ್ ಎಂದು ಕುಕ್ಕಿದವು. ಮಕ್ಕಳು ಬುಟ್ಟಿಯ ಕೆಳಗೆ ನಗು ತಡೆಯಲಾರದೆ ನಿಂತಿದ್ದರು.

ಅವುಗಳಿಗೆ ಗೂಡಿಲ್ಲ. ಬರೀ ನೆಲದ ಮೇಲೆ ಮೊಟ್ಟೆ, ನೆಲದ್ದೇ ಬಣ್ಣ. ಎಲ್ಲರ ಚಪ್ಪಲಿಯನ್ನೂ ದಡದಲ್ಲೇ ಬಿಡಿಸಲಾಗಿತ್ತು. ಬರಿಗಾಲಿನವರು ನೋಡಿ ಹೆಜ್ಜೆ ಇಡುತ್ತಾರೆ. ಅಂಚಿನಲ್ಲೇ ನಿಂತು ನೂರು ಎಣಿಸುವುದರೊಳಗೆ ಹಿಂದಿರುಗಬೇಕು ಎಂಬ ನಿಯಮ. ತಾಯಿ ಎದ್ದಿದ್ದರೆ ಆ ಬಿಸಿಲಿಗೆ ಮೊಟ್ಟೆ ಬೇಯುತ್ತದೆ. ಅದು ಮೊಟ್ಟೆಯ ಮೇಲೆ ಕೂರುವುದು ಕಾವಿಗೆ ಮಾತ್ರವಲ್ಲ, ನೆರಳಿಗೂ. ಹೊಟ್ಟೆಯ ಗರಿ ನೀರಿನಲ್ಲಿ ಅದ್ದಿಕೊಂಡು ಬಂದು ಮತ್ತೆ ಕೂರುತ್ತದೆ.

ಎಲ್ಲರೂ ಸುರಕ್ಷಿತವಾಗಿ ಮರಳಿದೆವು. ಮಕ್ಕಳನ್ನು ಹಿಡಿಯಲು ಕ್ಯಾಂಪಿನ ಸಕ್ರವ್ವ ಎಂಬವರು ಜೊತೆಗೆ ಬಂದಿದ್ದರು.

ನೀಲಾಂಬಿಕಾ


ಓಝರ್
12 ಮೇ 2024

ನೀಲಾಂಬಿಕಾ ಅವರೇ,

ನಿಮ್ಮ ಪತ್ರವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಮುಗಿದ ಮೇಲೆ ಮಕ್ಕಳು ಮತ್ತೊಮ್ಮೆ ಓದಿ ಎಂದರು. ನನ್ನ ತರಗತಿಯಲ್ಲಿ ಹಾಗೆ ಯಾರೂ ಕೇಳಿದ್ದಿಲ್ಲ. ಗರಿ ಅದ್ದಿಕೊಂಡು ಬಂದು ಕೂರುವ ಸಂಗತಿ ನನ್ನ ಹಕ್ಕಿ ಪುಸ್ತಕದಲ್ಲಿ ಹುಡುಕಿದೆ, ಸಿಗಲಿಲ್ಲ. ನಿಮ್ಮ ಪಾಂಡಿತ್ಯ ದೊಡ್ಡದು. ಎಲ್ಲಿ ಕಲಿತಿರಿ ಎಂದು ದಯವಿಟ್ಟು ಬರೆಯಿರಿ.

ನಮ್ಮ ಏಳನೇ ತರಗತಿಯ ಅಶ್ವಿತಾ ಬರೆದ ಪತ್ರ ಜೊತೆಗಿದೆ. ಕನ್ನಡದಲ್ಲಿ ಅವಳು ಬರೆದ ಮೊದಲ ಪೂರ್ತಿ ಪುಟ. ತಿದ್ದಿಲ್ಲ.

ಲಿಂಗರಾಜು

(ಜೊತೆಗೆ)
ಹಲೋ ಫ್ರೆಂಡ್ಸ್, ನಾನು ಅಶ್ವಿತಾ. ನಿಮ್ಮ ಹಕ್ಕಿ ಮಸ್ತ್ ಇದೆ. ನಮ್ಮ ನಾಶಿಕ್‌ನಲ್ಲಿ ಡ್ಯಾಮ್ ತುಂಬಾ ಇದೆ. ಪಪ್ಪಾ ಹೇಳ್ತಾರೆ ನಮ್ಮ ಪಾಣಿ ನಿಮಗೆ ಬಿಡ್ತಾರೆ ಅಂತ. ಸೋ ನೀವು ನಮಗೆ ಥ್ಯಾಂಕ್ಸ್ ಹೇಳಬೇಕು.


ಬಿಡಕಿನ್
8 ಸೆಪ್ಟೆಂಬರ್ 2024

ಮಾನ್ಯ ಸರ್ ಅವರಿಗೆ,

ಜೂನ್ ತಿಂಗಳಲ್ಲಿ ಬಿತ್ತನೆಗೆಂದು ಮುಕ್ಕಾಲು ಕ್ಯಾಂಪು ಊರಿಗೆ ಹೋಗಿತ್ತು, ನಾವೂ ಹೋಗಿದ್ದೆವು. ಬಂದು ಹದಿನೈದು ದಿನವಾಯಿತು. ನೀವು ಕೇಳಿದ ಪ್ರಶ್ನೆಗೆ ಇನ್ನೊಮ್ಮೆ ಸಾವಕಾಶ ಬರೆಯುತ್ತೇನೆ.

ಅಶ್ವಿತಾಳ ಪತ್ರ ಓದಿ ಹೇಳಿದಾಗ ಮಕ್ಕಳು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಆಮೇಲೆ ಒಮ್ಮತದಿಂದ ಉತ್ತರ ಬರೆಯುತ್ತೇವೆ ಎಂದರು. ನಾನು ತಡೆಯಲಿಲ್ಲ. ಈ ಹಾಳೆ ನಮಗೆ ವಾಪಸು ಬೇಡ ಸರ್, ನಿಮ್ಮಲ್ಲೇ ಇರಲಿ.

ನೀಲಾಂಬಿಕಾ

(ಜೊತೆಗೆ)
ಅಶ್ವಿತಾಗ, ಬಿಡಕಿನ್ ಸಾಳಿ ಹುಡುಗರು ಬರಿಯೂದು. ನಿಮ್ಮ ನೀರು ಬಂದೈತಿ. ನೀಲಿ ಇಲ್ಲ, ಚಾ ಇದ್ದಂಗ ಐತಿ. ಥ್ಯಾಂಕ್ಸ್. ನೀರಿನ ಜೋಡಿ ಬಂದಿದ್ದು: ಚಪ್ಪಲ್ ಹದಿನೇಳು, ಎಲ್ಲಾ ಒಂದೊಂದ ಕಾಲಿನವು. ಹೂವಿನ ಹಾರ ಪ್ಲಾಸ್ಟಿಕ್ ಚೀಲದಾಗ ಕಟ್ಟಿದ್ದು ಭಾಳ. ಔಷಧ ಬಾಟ್ಲಿ. ದೇವರ ಫೋಟೋ ಮೂರು. ಮೀನಿನ ಬಲಿಯಾಗ ಸಿಕ್ಕ ಸತ್ತ ಆಮಿ ಒಂದು, ಅದರ ಕುತ್ಗಿಗೆ ನೈಲಾನ್ ದಾರ ಇತ್ತು. ನಾವು ಮಣ್ಣು ಮಾಡಿದಿವಿ. ಚಪ್ಪಲ್ ಬೇಕಂದ್ರ ಕಳಸ್ತೀವಿ. ಮಹಿಬೂಬ, ರೂಪಾ ಮತ್ತು ಎಲ್ಲಾರು.


ಓಝರ್
29 ಸೆಪ್ಟೆಂಬರ್ 2024

ನೀಲಾಂಬಿಕಾ ಅವರೇ,

ನಿಜ ಹೇಳುತ್ತೇನೆ. ಆ ಹಾಳೆ ನೋಡಿ ನನಗೆ ಮೊದಲು ಸಿಟ್ಟು ಬಂತು. ಒಂದು ವಾರ ಮೇಜಿನ ಖಾನೆಯಲ್ಲಿಟ್ಟೆ. ನನ್ನ ಹೆಂಡತಿ ಗಿರಿಜಮ್ಮ ಅದನ್ನು ಓದಿ, ‘ಪಟ್ಟಿಯಲ್ಲಿ ಯಾವುದಾದರೂ ಸುಳ್ಳಿದೆಯೇ’ ಎಂದು ಕೇಳಿದಳು. ಅಂದು ಭಾನುವಾರ ತರಗತಿಯಲ್ಲಿ ಓದಿದೆ. ಒಂದೊಂದು ಕಾಲಿನ ಚಪ್ಪಲಿಗೆ ಎಲ್ಲರೂ ನಕ್ಕರು. ಆಮೆಗೆ ಬಂದಾಗ ಯಾರೂ ನಗಲಿಲ್ಲ. ಅಶ್ವಿತಾ, ‘ಅಂಕಲ್, ಆ ದಾರ ನಮ್ದೇ ಇರಬಹುದಾ’ ಎಂದಳು.

ಮುಂದಿನ ವಾರ ನಾಲ್ವರು ತಂದೆತಾಯಿಯರ ಜೊತೆ ಮಕ್ಕಳನ್ನು ನಾಶಿಕದ ಗೋದಾವರಿ ಸ್ನಾನಘಟ್ಟಕ್ಕೆ ಕರೆದೊಯ್ದೆ. ಸೇತುವೆಯ ಮೇಲೆ ಅರ್ಧ ಗಂಟೆ ನಿಂತು, ಜನ ನೀರಿಗೆ ಏನೇನು ಎಸೆಯುತ್ತಾರೆ ಎಂದು ಬರೆದುಕೊಂಡೆವು. ಒಬ್ಬ ಹೆಂಗಸು ಹಾರದ ಚೀಲ ಎತ್ತಿದಾಗ ಅಶ್ವಿತಾ ಮರಾಠಿಯಲ್ಲಿ, ‘ಮಾವಶಿ, ಇದು ಪೈಠಣಕ್ಕೆ ಹೋಗುತ್ತೆ, ಅಲ್ಲಿ ನನ್ನ ಫ್ರೆಂಡ್ಸ್ ಇದ್ದಾರೆ’ ಎಂದಳು. ಆಕೆ ಹಾರ ನೀರಿಗೆ ಬಿಟ್ಟು ಚೀಲ ವಾಪಸು ಇಟ್ಟುಕೊಂಡಳು.

ಇನ್ನೊಂದು ಸಂತೋಷದ ಸುದ್ದಿ. ನಿಮ್ಮ ಸಂಸ್ಥೆಯ ಮುಖ್ಯಸ್ಥರಿಗೆ ನಿಮ್ಮ ಬಗ್ಗೆ ಎರಡು ಪುಟ ಬರೆದಿದ್ದೇನೆ. ರೀವದ ಪತ್ರದ ಪ್ರತಿಯನ್ನೂ ಇಟ್ಟಿದ್ದೆ. ಅವರಿಗೆ ಹದಿನಾಲ್ಕು ಕ್ಯಾಂಪುಗಳ ಮಕ್ಕಳಿಗೆ ನದಿ, ಪ್ರಾಣಿಪಕ್ಷಿ ಕಲಿಸುವವರು ಬೇಕಂತೆ. ಸಂಭಾಜಿನಗರದಲ್ಲಿ ಕಚೇರಿ, ಕಾಯಂ ಹುದ್ದೆ. ನಿಮ್ಮನ್ನು ಸಂದರ್ಶನಕ್ಕೆ ಕರೆಯುತ್ತಾರೆ. ನಿಮ್ಮಂಥವರು ತಗಡಿನ ಶೆಡ್ಡಿನಲ್ಲಿ ಉಳಿಯಬಾರದು.

ಲಿಂಗರಾಜು


ಬಿಡಕಿನ್
20 ಅಕ್ಟೋಬರ್ 2024

ಸರ್,

ಸಂದರ್ಶನಕ್ಕೆ ಕರದಾರ್ರಿ. ನವೆಂಬರ್ ಹದಿನೆಂಟಕ್ಕ. ಅದಕ್ಕ ಹೋಗೂ ಮೊದಲು ನಿಮಗ ಒಂದು ವಿಷಯ ಹೇಳಬೇಕು. ಪುಸ್ತಕದ ಭಾಷಾದಾಗ ಬರದ್ರ ಮತ್ತ ಎಲ್ಲೋ ಮುಚ್ಚಿಟ್ಟುಬಿಡ್ತೀನಿ ಅಂತ ನಾನು ಮಾತಾಡೂ ಹಂಗ ಬರೀತೀನ್ರಿ.

ನನಗ ಹೊಳಿ ಬಗ್ಗೆ ಏನೂ ಗೊತ್ತಿಲ್ಲ. ನಾನು ಬಾವಿ ನೀರಿನ ಊರಾಕಿ. ಬುಟ್ಟಿ ತರಲು ಹೇಳಲಾಗಿತ್ತು ಅಂತ ಬರದಿದ್ನೆಲ್ಲ, ಹೇಳಿದಾಕಿ ಸಕ್ರವ್ವ. ಚಪ್ಪಲ್ ಬಿಡಿಸಿದಾಕಿ ಆಕಿ. ನೂರು ಎಣಸ್ರಿ ಅಂದಾಕಿ ಆಕಿ. ಗರಿ ತೋಯಿಸ್ಕೊಂಡು ಬರೂದು ತೋರಿಸಿದಾಕೀನೂ ಆಕಿನೇ. ನಾನು ಮಕ್ಕಳ ಕೈ ಹಿಡಕೊಂಡು ನಿಂತಿದ್ದೆ. ಪತ್ರದಾಗ ತಿರುಗಾಮುರುಗಾ ಮಾಡಿ ಬರದೆ.

ಸಕ್ರವ್ವ ಅಂಬಿಗರಾಕಿ. ಕೃಷ್ಣಾ ದಂಡಿಯವಳು, ಅರವತ್ತರ ಮ್ಯಾಲೆ ವಯಸ್ಸು. ಇಲ್ಲಿ ಕಾಂಕ್ರೀಟ್‌ಗೆ ಕಲ್ಲು ಹೊರತಾಳ. ರೂಪಾನ ಆಯಿ, ಅಂದ್ರ ಅಜ್ಜಿ. ಓದಾಕ ಬರೂದಿಲ್ಲ. ಮೊದಲನೇ ಸಲ ಹಿನ್ನೀರಿಗೆ ಹೋದಾಗ ದಂಡಿಯ ಮೀನುಗಾರ ಬಲಿ ಬಿಡಿಸ್ತಿದ್ದ. ಆತಗ ಕನ್ನಡ ಬರೂದಿಲ್ಲ, ಈಕಿಗೆ ಮರಾಠಿ ಅಷ್ಟಕ್ಕಷ್ಟ. ಇಬ್ರೂ ಒಂದೊಂದು ಮೀನು ಎತ್ತಿ ಹೆಸರು ಹೇಳಿದ್ರು, ಆತ ಮರಾಠಿದಾಗ, ಈಕಿ ಕನ್ನಡದಾಗ. ಹನ್ನೊಂದು ಮೀನು ಆತು. ಮಕ್ಕಳು ನಡುವ ಕೂತು ಎರಡೂ ಹೆಸರು ಕಲಿತ್ರು. ಅಂಥಾ ಪಾಠ ನಾನು ಜೀವನದಾಗ ಮಾಡಿಲ್ಲ.

ನೀವು ‘ಎಲ್ಲಿ ಕಲಿತಿರಿ’ ಅಂತ ಕೇಳಿದಾಗ ಹೇಳಬೇಕಿತ್ತು. ಹೇಳಿದ್ರ ಕಲ್ಲು ಹೊರೂ ಮುದುಕಿ ಮಾತು ಅಂತ ನೀವು ತಿದ್ದಬಹುದು ಅನಿಸ್ತು. ಅದು ಮೊದಲು. ಆಮ್ಯಾಲೆ ನೀವು ಹೊಗಳಿದ್ದು ರುಚಿ ಹತ್ತಿತು. ಅದು ಖರೆ.

ಇನ್ನೊಂದು. ನೀವು ಕೆಂಪು ಶಾಯಿ ಹಚ್ಚಿದ ಆರು ಪತ್ರ ನಾನು ಮಕ್ಕಳಿಗೆ ಕೊಡಲಿಲ್ಲ. ಟ್ರಂಕಿನ್ಯಾಗ ಅದಾವ. ‘ನನ್ನ ಪತ್ರ ಆ ಸಾಹೇಬ್ರು ಓದಿದ್ರೇನ್ರಿ’ ಅಂತ ಮಹಿಬೂಬ ಒಂದು ತಿಂಗಳು ಕೇಳಿದ. ಓದಿದ್ರು, ಭಾಳ ಖುಷಿ ಆದ್ರು ಅಂತ ಹೇಳೀನಿ.

ಸಂದರ್ಶನದಾಗ ಸಕ್ರವ್ವನ ಹೆಸರು ಹೇಳಾಕಿ ಅದೀನಿ. ನೀವು ಬರದ ಎರಡು ಪುಟ ಸುಳ್ಳಾಗ್ತದ. ಕ್ಷಮಾ ಮಾಡ್ರಿ.

ನೀಲಾಂಬಿಕಾ


ಬಿಡಕಿನ್
24 ನವೆಂಬರ್ 2024

ಸರ್,

ನಿಮ್ಮ ಉತ್ತರ ಬರಲಿಲ್ಲ. ನಿಮಗ ನೋವಾಗೈತಿ ಅಂತ ತಿಳಕೊಂಡೀನಿ. ಸಂದರ್ಶನದಾಗ ಎಲ್ಲಾ ಹೇಳಿದೆ. ಅವರು ಸಮಾಧಾನದಿಂದ ಕೇಳಿದ್ರು. ಹುದ್ದೆ ಪ್ರಾಣಿಶಾಸ್ತ್ರ ಓದಿದ ಒಬ್ಬ ಹುಡುಗಿಗೆ ಕೊಟ್ರು, ಅದು ಸರಿನೂ ಐತಿ. ಸಕ್ರವ್ವನ್ನ ತಗೋಬಹುದಲ್ರಿ ಅಂದೆ. ಸರ್ಟಿಫಿಕೇಟ್ ಇಲ್ಲದವರನ್ನ ತಗೊಳ್ಳಾಕ ಬರೂದಿಲ್ಲ ಅಂದ್ರು.

ಮಕ್ಕಳ ಪತ್ರ ಮಾತ್ರ ನಿಲ್ಲಿಸಬ್ಯಾಡ್ರಿ. ಅಶ್ವಿತಾ ಏನು ಬರದ್ಲು ಅಂತ ದಿನಾ ಕೇಳ್ತಾರ.

ನೀಲಾಂಬಿಕಾ


ಓಝರ್
8 ಡಿಸೆಂಬರ್ 2024

ನೀಲಾಂಬಿಕಾ,

ನನಗೆ ನೋವಾಗಿರಲಿಲ್ಲ, ನಾಚಿಕೆಯಾಗಿತ್ತು. ನಾಲ್ಕು ಪತ್ರ ಬರೆದು ಹರಿದೆ. ಕೊನೆಗೆ ಗಿರಿಜಮ್ಮ, ‘ತಪ್ಪು ಕಣ್ಣಿಗೆ ಬಿದ್ದ ಮೇಲೆ ಪರೀಕ್ಷಕರು ಸಹಿ ಹಾಕಲೇಬೇಕಲ್ಲ’ ಎಂದಳು. ಹಾಕುತ್ತಿದ್ದೇನೆ.

ನನ್ನ ತರಗತಿಯಲ್ಲಿ ಹನ್ನೊಂದು ಮಕ್ಕಳಿರಲಿಲ್ಲ. ಹನ್ನೊಂದು ಹೆಸರು ಹಾಜರಿ ಪುಸ್ತಕದಲ್ಲಿದ್ದವು, ಬರುತ್ತಿದ್ದವರು ನಾಲ್ವರು. ಬಂದವರೂ ಗಡಿಯಾರ ನೋಡುತ್ತ ಕೂರುತ್ತಿದ್ದರು. ಫೋನು ಬೇಡ ಎಂದಿದ್ದೂ ಅದಕ್ಕೇ. ಮಾತಾಡಿದರೆ ನಿಮಗೆ ತಿಳಿದುಬಿಡುತ್ತಿತ್ತು.

ಎರಡನೆಯದು. ಮೂವತ್ತಮೂರು ವರ್ಷ ಇಲ್ಲಿದ್ದೂ ನಾನು ಗೋದಾವರಿಯನ್ನು ಬಸ್ಸಿನ ಕಿಟಕಿಯಿಂದ ಬಿಟ್ಟು ನೋಡಿರಲಿಲ್ಲ. ನೀಲಿ ಎಂದು ಬರೆದದ್ದು ಬಣ್ಣದ ಪೆನ್ಸಿಲ್ ನೋಡಿ. ನಿಮ್ಮ ಮಕ್ಕಳು ಚಪ್ಪಲಿ ಎಣಿಸದಿದ್ದರೆ ನಾನು ಆ ಸೇತುವೆಯ ಮೇಲೆ ಇಳಿಯುತ್ತಲೇ ಇರಲಿಲ್ಲ. ಈಗ ಭಾನುವಾರ ಹದಿಮೂರು ಮಕ್ಕಳು ಬರುತ್ತಾರೆ. ಅವರಲ್ಲಿ ಇಬ್ಬರು ಮರಾಠಿಯವರು, ಹೊಳೆಯ ಪಾಠಕ್ಕೆಂದೇ ಬರುತ್ತಾರೆ.

ಆ ಆರು ಪತ್ರ ಟ್ರಂಕಿನಲ್ಲೇ ಇರಲಿ. ಮಹಿಬೂಬನಿಗೆ ಬೇರೆ ಕಾಗದ ಬರೆದು ಇದರಲ್ಲಿಟ್ಟಿದ್ದೇನೆ.

ಜನವರಿ ಹನ್ನೆರಡಕ್ಕೆ ನಾಂದೂರ್ ಮಧ್ಮೇಶ್ವರದ ಪಕ್ಷಿಧಾಮಕ್ಕೆ ಹೋಗೋಣ. ನಮ್ಮ ಸಂಘದವರು ಮಿನಿಬಸ್ಸು ಗೊತ್ತುಮಾಡಿ ನಸುಕಿಗೇ ಬಿಡಕಿನ್‌ಗೆ ಕಳಿಸುತ್ತಾರೆ. ಮಕ್ಕಳನ್ನು ಕರೆತನ್ನಿ. ಸಕ್ರವ್ವನವರನ್ನು ನಾನು ಕೇಳಿಕೊಂಡೆನೆಂದು ಹೇಳಿ.

ಲಿಂಗರಾಜು


ಬಿಡಕಿನ್
22 ಡಿಸೆಂಬರ್ 2024

ಸರ್,

ನಿಮ್ಮ ಪತ್ರ ಓದಿ ಮನಸ್ಸು ಹಗುರ ಆತ್ರಿ. ಮಹಿಬೂಬ ತನ್ನ ಕಾಗದ ಅಂಗಿ ಕಿಸೇದಾಗ ಇಟ್ಕೊಂಡು ತಿರಗ್ತಾನ.

ಸಕ್ರವ್ವಗ ಕೇಳಿದೆ. ‘ನಾ ಏನ್ ಮಾಸ್ತರ್ತಿ ಏನವ್ವ, ನನಗ ಯಾಕ ಕರೀತಾರ’ ಅಂದ್ಲು. ಒಂದು ದಿನದ ಪಾಳಿ ಬಿಡಾಕೂ ಆಕಿಗೆ ಮನಸ್ಸಿರಲಿಲ್ಲ. ರೂಪಾ ಎರಡು ದಿನ ಊಟ ಮಾಡ್ಲಿಲ್ಲ. ಈಗ ಬರ್ತೀನಿ ಅಂದಾಳ.

ನೀಲಾಂಬಿಕಾ


ಓಝರ್
14 ಜನವರಿ 2025

ನೀಲಾಂಬಿಕಾ,

ನೀವೆಲ್ಲ ಬಿಡಕಿನ್ ಸೇರಿದ ಸುದ್ದಿ ಬಂತು. ನೀವೂ ಅಲ್ಲಿದ್ದಿರಿ, ಆದರೂ ಬರೆಯುತ್ತೇನೆ. ಹಿರಿಯ ಮಕ್ಕಳೊಂದಿಗೆ ನೀವು ಹಕ್ಕಿ ನೋಡುವ ಗೋಪುರ ಹತ್ತಿದ್ದಾಗ ಕೆಳಗೆ ನಡೆದದ್ದನ್ನು ನೀವು ನೋಡಿಲ್ಲ.

ನಾನು ಎರವಲು ತಂದ ದುರ್ಬೀನು ಸಕ್ರವ್ವನವರ ಕೈಗೆ ಕೊಡಲು ಹೋದೆ. ಬ್ಯಾಡ್ರಿ ಎಂದರು. ಧಾಮದ ಹೊರಗೆ ಬಟ್ಟೆ ಒಗೆಯುವ ಕಲ್ಲುಗಳಿದ್ದ ಕಡೆ ಹೋಗಿ ಕುಳಿತರು. ಅಶ್ವಿತಾ ಮತ್ತು ಸಣ್ಣವರು ಹಿಂದೆ ಹೋದರು, ನಾನೂ ಹೋದೆ. ದೂರದಲ್ಲಿ ರಾಜಹಂಸಗಳು ಒಂದೊಂದೇ ಕಾಲಿನ ಮೇಲೆ ನಿಂತಿದ್ದವು. ‘ಆಜಿ, ಅವು ಯಾಕೆ ಒಂದು ಕಾಲಲ್ಲಿ ನಿಲ್ತವೆ’ ಎಂದು ಅಶ್ವಿತಾ ಕೇಳಿದಳು.

ನಾನು ಉತ್ತರ ಸಿದ್ಧಮಾಡಿಕೊಂಡಿದ್ದೆ. ಸಕ್ರವ್ವ ಹೇಳಲೇ ಇಲ್ಲ. ‘ಬೂಟು ತಗೀರಿ, ನೀರಾಗ ಇಳೀರಿ’ ಎಂದರು. ಜನವರಿಯ ಬೆಳಗಿನ ನೀರು. ಮಕ್ಕಳು ಹಲ್ಲು ಕಡಿಯುತ್ತ ಕಣಕಾಲಿನವರೆಗೆ ಇಳಿದು ನಿಂತರು. ‘ಈಗ ಒಂದು ಕಾಲು ಎತ್ತಿ ಇನ್ನೊಂದು ತೊಡಿಗೆ ಒತ್ರಿ. ಒಬ್ರಿಗೊಬ್ರು ಹೆಗಲು ಹಿಡೀರಿ.’ ಸ್ವಲ್ಪ ಹೊತ್ತು ಬಿಟ್ಟು, ‘ಯಾವ ಕಾಲು ಬೆಚ್ಚಗೈತಿ’ ಎಂದರು. ಎಲ್ಲರೂ ಕಾಲು ತೋರಿಸಿದರು. ‘ಮತ್ತ ಹಕ್ಕಿ ಏನು ಶಾಣ್ಯಾ ಇಲ್ಲೇನು’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಸಾಹೇಬ್ರು ನೋಡಂಗಿಲ್ಲೇನ್ರಿ’ ಎಂದರು. ನಾನು ಪ್ಯಾಂಟು ಮಡಚಿ ಇಳಿದೆ. ಐವತ್ತೆಂಟರ ವಯಸ್ಸಿನಲ್ಲಿ ಮಹಿಬೂಬನ ಹೆಗಲು ಹಿಡಿದು ಒಂಟಿಕಾಲಲ್ಲಿ ನಿಂತೆ. ಗಿರಿಜಮ್ಮ ದಡದಲ್ಲಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆ ಉತ್ತರ ನನ್ನ ಪುಸ್ತಕದಲ್ಲೂ ಇತ್ತು. ನನಗೆ ಅದು ತಿಳಿದದ್ದು ಅಲ್ಲಿ, ಆ ನೀರಿನಲ್ಲಿ.

ಅಶ್ವಿತಾ ಅವರ ಪಕ್ಕ ಕುಳಿತು, ‘ನಿಮ್ಮ ಮನೆ ಎಲ್ಲಿದೆ ಆಜಿ’ ಎಂದಳು. ‘ನೀರಾಗ ಐತಿ’ ಎಂದರು ಸಕ್ರವ್ವ. ಅವಳು ತಮಾಷೆಯೆಂದು ನಕ್ಕಳು. ಅವರು ನಿಧಾನವಾಗಿ ಬಿಡಿಸಿ ಹೇಳಿದರು: ಕೃಷ್ಣೆಗೆ ಅಣೆಕಟ್ಟು ಕಟ್ಟಿದಾಗ ಊರು ಮುಳುಗಿತು. ಮನೆ, ಹಿತ್ತಲು, ದೋಣಿ ಕಟ್ಟುವ ಹುಣಸೆಮರ ಎಲ್ಲ ಹಿನ್ನೀರಿನ ಕೆಳಗೆ. ‘ಈಗ ನಮ್ಮ ಹಿತ್ತಲದ ಮ್ಯಾಲ ಇಂಥಾವ ಹಕ್ಕಿ ಇಳೀತಾವಂತ. ನಮ್ಮಣ್ಣ ನೋಡಿ ಬಂದು ಹೇಳಿದ. ಅವಕ್ಕರ ಜಾಗ ಆತಲ್ಲ.’ ಅಷ್ಟು ಹೇಳಿ ರೂಪಾಳ ಒದ್ದೆ ಕಾಲು ಸೆರಗಿನಿಂದ ಒರೆಸಿದರು. ನಿಮಗೆ ಇದು ಗೊತ್ತಿತ್ತೇ?

ನಾನು ಅವರಿಗೆ ಕೈಮುಗಿದೆ. ಕಾರ್ಖಾನೆಯಲ್ಲಿ ಬಹಳ ದೊಡ್ಡವರನ್ನು ನೋಡಿದ್ದೇನೆ. ಆ ಬೆಳಗ್ಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತವರ ಮುಂದೆ ನಾನು ನಾಲ್ಕನೇ ತರಗತಿಯ ಹುಡುಗನಂತಿದ್ದೆ.

ನಿಮ್ಮ,
ಲಿಂಗರಾಜು


ಜಾಲನಾ ಜಿಲ್ಲೆಯಿಂದ
23 ಫೆಬ್ರುವರಿ 2025

ಸರ್,

ವಿಳಾಸ ಬದಲಾಗೈತ್ರಿ. ಬಿಡಕಿನ್ ಕೆಲಸ ಮುಗೀತು, ಕ್ಯಾಂಪು ಎದ್ದು ಇಲ್ಲಿಗೆ ಬಂದೈತಿ. ನನ್ನ ಗಂಡ ಸೆಂಟ್ರಿಂಗ್ ಕೆಲಸದವ ಅಂತ ನಿಮಗ ಯಾವತ್ತೂ ಹೇಳಿರಲಿಲ್ಲ. ಕ್ಯಾಂಪು ಹ್ವಾದಲ್ಲಿ ನಾವೂ ಹೋಗೂದು. ಸಂಸ್ಥೆಯವರು ಇಲ್ಲೂ ಶೆಡ್ಡು ಹಾಕಿ ಕೊಡ್ತೀವಿ ಅಂದಾರ. ಹತ್ತೊಂಬತ್ತು ಮಕ್ಕಳಾಗ ಹದಿನಾಲ್ಕು ನನ್ನ ಜೋಡಿ ಅದಾರ. ಮಹಿಬೂಬನ ಮನೆಯವರು ಪುಣೆ ಕಡೆ ಹೋದ್ರು. ಟೆಂಪೊ ಹತ್ತೂ ಮೊದಲು ನಿಮ್ಮ ವಿಳಾಸ ಬರಸ್ಕೊಂಡು ಹೋಗ್ಯಾನ.

ಸಕ್ರವ್ವನ ಮನಿ ನೀರಾಗ ಹೋದದ್ದು ನನಗ ಗೊತ್ತಿರಲಿಲ್ರಿ. ಮೂರು ವರ್ಷ ಒಂದೇ ನಳದಾಗ ನೀರು ಹಿಡದೀವಿ. ಆಕಿ ಹೊಳಿ ವಿಷಯ ಅಷ್ಟು ಪ್ರೀತಿಲೆ ಹೇಳೂದು ನೋಡಿ ಆಕಿಗೆ ಹೊಳಿಯಿಂದ ಒಳ್ಳೇದ ಆಗೈತಿ ಅಂತ ತಿಳಿದಿದ್ದೆ. ನಿಮ್ಮ ಪತ್ರ ಓದಿದ ದಿನ ಆಕಿ ಹತ್ರ ಹೋಗಿ ಕೂತೆ. ಆಕಿನ, ‘ಸಾಹೇಬ್ರಿಗೆ ಥಂಡಿ ಆಗಿಲ್ಲಂತೇನು’ ಅಂತ ಕೇಳಿದ್ಲು.

ಇಲ್ಲಿ ಗೋದಾವರಿ ಇಲ್ಲ. ಲಾರಿ ಬಂದು ನಿಂತಾಗ ಮಧ್ಯಾಹ್ನ. ನಾವು ಇನ್ನೂ ಪಾತ್ರಿ ಗಂಟು ಇಳಸ್ತಿದ್ವಿ. ರೂಪಾ ಮತ್ತ ನಾಕು ಮಕ್ಕಳು ಚಾದಂಗಡಿಯವನ ಹತ್ರ ಹೋಗಿ ಮರಾಠಿದಾಗ ಕೇಳಿದ್ರು, ‘ಕಾಕಾ, ಇಲ್ಲಿ ಹೊಳಿ ಎಲ್ಲೈತಿ’ ಅಂತ. ‘ಹೊಳಿ ಎಲ್ಲೀದು, ಒಂದು ಗಟಾರದಂಥಾ ಹಳ್ಳ ಐತಿ’ ಅಂದ ಆತ. ಯಾವ ಕಡೆ ಅಂತ ಕೇಳಿ ಓಡಿದ್ರು. ಸಕ್ರವ್ವ ತೆಲಿ ಮ್ಯಾಲಿನ ಗಂಟು ಕೆಳಗಿಟ್ಟು ಹಿಂದಿಂದ ಹ್ವಾದ್ಲು.

ಒಂದು ತಾಸಿನ ಮ್ಯಾಲೆ ಬಂದ್ರು. ಮೊಣಕಾಲತನಕ ಕೆಸರು. ಹೆಸರು ಗೊತ್ತಿದ್ದ ಹಕ್ಕಿ ಏಳು, ಗೊತ್ತಿಲ್ಲದ್ದು ಎರಡು.

ಆ ಎರಡರ ಚಿತ್ರ ರೂಪಾ ಬರದಾಳ, ಇದರೊಳಗ ಇಟ್ಟೀನಿ. ಅಶ್ವಿತಾಗ ತೋರಿಸ್ರಿ.

ನೀಲಾಂಬಿಕಾ